ಎಚ್ಚರಿಕೆ ದೀಪದ ಒಂದು ತಂತಿ: ಗ್ಯಾರೇಜಿನಲ್ಲಿ ಕಟ್ಟಿದ ವಿಮಾನದ ಪ್ರಕರಣ ಅಧ್ಯಯನ

ಎಂಜಿನ್ ನಿಂತಿತ್ತು. ಮಾಸ್ಟರ್ ಸ್ವಿಚ್ಚನ್ನೂ ಆರಿಸಿಯಾಗಿತ್ತು. ಆದರೂ ಉಪಕರಣ ಫಲಕದ ಹಿಂದಿನಿಂದ ಹೊಗೆ ಏಳುತ್ತಲೇ ಇತ್ತು. ಬಿಳಿಯ, ತೆಳುವಾದ, ಮೂಗಿಗೆ ಚುಚ್ಚುವ ಹೊಗೆ. ಕಾಕ್‌ಪಿಟ್ಟಿನಲ್ಲಿ ಕುಳಿತಿದ್ದ ಅಣ್ಣ ಎರಡೂ ಕೈ ಮೇಲೆತ್ತಿ, “ಎಲ್ಲ ಆರಿಸಿದ್ದೇನೆ ಮಾರಾಯ, ಇನ್ನೇನು ಆರಿಸಲಿ?” ಎಂದು ಕೂಗಿದರು. ಅದೃಷ್ಟಕ್ಕೆ ಎಂಜಿನ್ನಿನ ಮೇಲ್ಮುಚ್ಚಳವನ್ನು ಇನ್ನೂ ಜೋಡಿಸಿರಲಿಲ್ಲ. ಪ್ರೊಪೆಲರ್ ಪೂರ್ತಿ ನಿಂತದ್ದನ್ನು ನೋಡಿಕೊಂಡು ನಾನು ಸ್ಪ್ಯಾನರ್ ಹಿಡಿದು ಬ್ಯಾಟರಿಯ ಋಣ ತುದಿಯ ಕೇಬಲ್ ಬಿಚ್ಚಿದೆ. ಆಗ ಹೊಗೆ ನಿಂತಿತು. ಮೊದಲು ವಾಸನೆ ಬಡಿದಾಗಿನಿಂದ ಕೇಬಲ್ ಕೈಗೆ ಬರುವವರೆಗೆ ಒಂದು ನಿಮಿಷವೂ ಆಗಿರಲಾರದು.

ಇಷ್ಟಕ್ಕೆಲ್ಲ ಕಾರಣವಾದದ್ದು ಬಟಾಣಿ ಗಾತ್ರದ ಒಂದು ಎಲ್‌ಇಡಿ ದೀಪಕ್ಕೆ ವಿದ್ಯುತ್ ಒಯ್ಯುತ್ತಿದ್ದ ತಂತಿ. ಸುಟ್ಟದ್ದು, ಅದನ್ನು ಸರಿಪಡಿಸಿದ್ದು, ಆ ದುರಸ್ತಿಯೊಳಗೇ ಇನ್ನೊಂದು ತಪ್ಪು ಅಡಗಿ ಕುಳಿತಿದ್ದದ್ದು, ಎಲ್ಲವನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಿಮಾನ ಕಟ್ಟುವವರು ನಮ್ಮಲ್ಲಿ ಕಡಿಮೆ. ಆದರೆ ಬೈಕಿಗೋ ಟ್ರ್ಯಾಕ್ಟರಿಗೋ ದೋಣಿಗೋ ತಾವೇ ವೈರಿಂಗ್ ಮಾಡಿಕೊಳ್ಳುವವರು ಬೇಕಾದಷ್ಟು ಜನರಿದ್ದಾರೆ. ಅವರಿಗೂ ಇದು ಬೇಕಾದ ವಿಷಯವೇ.

ವಿಮಾನ

ನಾನು ಅಮೆರಿಕದ ಓಹಾಯೊ ರಾಜ್ಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ನಾನು ಅಣ್ಣ ಎಂದು ಕರೆಯುವ ಈ ಹಿರಿಯರು ದಕ್ಷಿಣ ಕನ್ನಡದವರು, ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್. ಏಳು ವರ್ಷ ತಮ್ಮ ಗ್ಯಾರೇಜಿನಲ್ಲಿ ರಿವೆಟ್ ಹೊಡೆದು ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನವೊಂದನ್ನು ಕಟ್ಟಿದ್ದಾರೆ. ಅಮೆರಿಕದಲ್ಲಿ ಇದು ಅಪರೂಪವೇನಲ್ಲ. ವಿಮಾನದ ಹೆಚ್ಚಿನ ಪಾಲು ಕೆಲಸವನ್ನು ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ತಾವೇ ಮಾಡಿದವರಿಗೆ ಅಲ್ಲಿನ ವಿಮಾನಯಾನ ಆಡಳಿತವು ‘ಪ್ರಾಯೋಗಿಕ’ ವರ್ಗದಲ್ಲಿ ಹಾರಾಟದ ಪ್ರಮಾಣಪತ್ರ ಕೊಡುತ್ತದೆ. ಕಟ್ಟುವವರ ಬಾಯಲ್ಲಿ ಇದು ‘ಶೇಕಡಾ 51ರ ನಿಯಮ’. ಇಂಥವರ ಸಂಘ 1953ರಲ್ಲೇ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿಕೊಂಡಿತು. ಪ್ರತಿ ಬೇಸಿಗೆಯಲ್ಲಿ ಆಷ್‌ಕಾಷ್ ಊರಿನಲ್ಲಿ ಅದು ನಡೆಸುವ ಮೇಳ ವಿಮಾನಪ್ರಿಯರಿಗೆ ಊರಜಾತ್ರೆ ಇದ್ದಂತೆ. ಈ ಲೋಕದ ಒಂದು ಎಳೆ ಬೆಂಗಳೂರಿಗೂ ಬಂದಿತ್ತು. 1980ರ ದಶಕದಲ್ಲಿ ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಸಂಯುಕ್ತ ವಸ್ತುಗಳಲ್ಲಿ ಪಳಗಲು ಕಟ್ಟಿ ಹಾರಿಸಿದ ಪುಟ್ಟ ವಿಮಾನಕ್ಕೆ ಆಧಾರವಾದದ್ದು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝೀ, ಅಂದರೆ ಮನೆಯಲ್ಲಿ ಕಟ್ಟುವವರಿಗಾಗಿಯೇ ರೂಪಿಸಿದ ವಿನ್ಯಾಸ.

ಕಾರ್ಖಾನೆಯಿಂದ ಬರುವ ವಿಮಾನದ ವೈರಿಂಗನ್ನು ಹತ್ತು ಜನ ಪರೀಕ್ಷಿಸಿರುತ್ತಾರೆ. ಮನೆಯಲ್ಲಿ ಕಟ್ಟಿದ್ದಕ್ಕೆ ಕಟ್ಟಿದವನೇ ವಿನ್ಯಾಸಕ, ಅವನೇ ಎಲೆಕ್ಟ್ರಿಷಿಯನ್, ಅವನೇ ಪೈಲಟ್. ಅಂತಿಮ ತಪಾಸಣೆಗೆ ಒಬ್ಬರು ಬರುತ್ತಾರೆ, ನಿಜ. ಆದರೆ ಫಲಕದ ಹಿಂದಿನ ಒಂದೊಂದು ತಂತಿಯೂ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂದು ಅವರು ಬೆರಳಿಟ್ಟು ನೋಡುವುದಿಲ್ಲ.

ವಿದ್ಯುತ್ ವ್ಯವಸ್ಥೆ ಸರಳವಾದದ್ದು. ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಒಂದು ಆಲ್ಟರ್ನೇಟರ್, 16 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ. ಬ್ಯಾಟರಿ ಇರುವುದು ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಉಕ್ಕಿನ ಗೋಡೆಯ ಎಂಜಿನ್ ಬದಿಯಲ್ಲಿ. ಮಾಸ್ಟರ್ ಸ್ವಿಚ್ ಒತ್ತಿದರೆ ದಪ್ಪ ರಿಲೇಯೊಂದು, ಕಾಂಟ್ಯಾಕ್ಟರ್, ಮುಚ್ಚಿಕೊಂಡು ಬ್ಯಾಟರಿಯನ್ನು ಮುಖ್ಯ ಬಸ್ ಪಟ್ಟಿಗೆ ಸೇರಿಸುತ್ತದೆ. ರೇಡಿಯೊ, ದೀಪ, ಪಂಪು ಎಲ್ಲವೂ ಆ ಪಟ್ಟಿಯಿಂದ ಫ್ಯೂಸುಗಳ ಮೂಲಕ ಕವಲೊಡೆಯುತ್ತವೆ. ವಿದ್ಯುತ್ ಹಿಂದಿರುಗುವ ದಾರಿ ವಿಮಾನದ ಅಲ್ಯೂಮಿನಿಯಂ ಮೈಯೇ. ಈ ಕೊನೆಯ ಮಾತು ಮುಖ್ಯ. ಧನ ವಿದ್ಯುತ್ ಹೊತ್ತ ಯಾವ ತಂತಿಯ ಸಿಪ್ಪೆ ಸುಲಿದು ಯಾವ ತಗಡಿಗೆ ತಾಗಿದರೂ ಸರ್ಕ್ಯೂಟು ಅಲ್ಲೇ ಪೂರ್ಣವಾಗುತ್ತದೆ.

ಎಚ್ಚರಿಕೆ ದೀಪಗಳು ಮೂರು. ವೋಲ್ಟೇಜ್ ಇಳಿದಾಗ ಮಿನುಗುವ ಕೆಂಪು ದೀಪ, ಎಂಜಿನ್ ಆಯಿಲ್ ಒತ್ತಡ ಬಿದ್ದಾಗ ಉರಿಯುವ ಇನ್ನೊಂದು ಕೆಂಪು ದೀಪ, ಗಾಜಿನ ಮೇಲ್ಛಾವಣಿಯ ಚಿಲಕ ಬೀಳದಿದ್ದರೆ ಉರಿಯುವ ಹಳದಿ ದೀಪ. ಮೂರೂ ಸೇರಿ ಎಳೆಯುವ ವಿದ್ಯುತ್ 0.1 ಆಂಪಿಯರ್ ಕೂಡ ಇಲ್ಲ.

ಸುಟ್ಟದ್ದು ಹೇಗೆ

ಫಲಕವನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಮೊದಲು ಕಂಡದ್ದು ಬರೀ ತಾಮ್ರ. ಸುಮಾರು ಒಂದು ಗೇಣು ಉದ್ದಕ್ಕೆ ತಂತಿಯ ಹೊದಿಕೆಯೇ ಇರಲಿಲ್ಲ. ತಾಮ್ರ ಕಂದುಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದಲ್ಲಿ ಜಡೆಯಂತೆ ಕಟ್ಟಿದ್ದ ಇತರ ತಂತಿಗಳಲ್ಲಿ ಐದರ ಹೊದಿಕೆ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಆರನೆಯದನ್ನು ನೋಡಿದಾಗ ನನಗೆ ಎದೆ ಝಲ್ಲೆಂದಿತು. ಅದು ಎಡಗಡೆಯ ಮ್ಯಾಗ್ನೆಟೊದಿಂದ, ಅಂದರೆ ಬ್ಯಾಟರಿಯ ನೆರವಿಲ್ಲದೆ ಎಂಜಿನ್ನಿಗೆ ಕಿಡಿ ಕೊಡುವ ಘಟಕದಿಂದ, ಇಗ್ನಿಷನ್ ಸ್ವಿಚ್ಚಿಗೆ ಬರುವ ಜಾಲರಿ ಹೊದಿಸಿದ ತಂತಿ. ಅದರ ಹೊರಚರ್ಮ ಸುಕ್ಕುಗಟ್ಟಿತ್ತು, ಒಳಗಿನ ತಂತಿಗೆ ಏನೂ ಆಗಿರಲಿಲ್ಲ. ಆ ತಂತಿಯ ಒಳ ಎಳೆ ಜಾಲರಿಗೆ ತಾಗಿದರೆ ಮ್ಯಾಗ್ನೆಟೊ ಕಿಡಿ ಕೊಡುವುದನ್ನು ನಿಲ್ಲಿಸುತ್ತದೆ. ಇನ್ನಷ್ಟು ಹೊತ್ತು ಸುಟ್ಟಿದ್ದರೆ ಒಂದು ಎಲ್‌ಇಡಿಯ ತಂತಿ ಎಂಜಿನ್ನಿನ ಎರಡು ಕಿಡಿಮೂಲಗಳಲ್ಲಿ ಒಂದನ್ನು ಆರಿಸಿಬಿಡುತ್ತಿತ್ತು.

ತಾಗಿದ ಜಾಗ ಸಿಕ್ಕಿತು. ಫಲಕದ ಹಿಂದಿನ ಅಡ್ಡಪಟ್ಟಿಯಲ್ಲಿ ಭಾರ ಕಡಿಮೆ ಮಾಡಲು ಕೊರೆದ ದುಂಡು ರಂಧ್ರವೊಂದಿತ್ತು. ಬೇರೆಲ್ಲ ರಂಧ್ರಗಳಿಗೂ ಅಣ್ಣ ಅಂಚು ಮುಚ್ಚುವ ರಬ್ಬರಿನ ಬಳೆ, ಗ್ರೊಮೆಟ್, ಕೂರಿಸಿದ್ದರು. ಇದು ತಂತಿ ಹಾಯಲು ಕೊರೆದದ್ದಲ್ಲವಾದ್ದರಿಂದ ಹಾಗೇ ಬಿಟ್ಟಿದ್ದರು. ಆಮೇಲೆ ಅವಸರದಲ್ಲಿ ಈ ಒಂದು ತಂತಿಯನ್ನು ಅದರಲ್ಲೇ ತೂರಿಸಿದ್ದರು. ಎಂಜಿನ್ನಿನ ಮೂರು ನೆಲ ಪರೀಕ್ಷೆಗಳ ನಡುಕವೇ ಸಾಕಾಯಿತು. ತಗಡಿನ ಅಂಚು ಹೊದಿಕೆಯನ್ನು ಹೆರೆದು ತಾಮ್ರವನ್ನು ಮುಟ್ಟಿತು.

ತಾಗುವುದು ಯಾವ ವಿಮಾನದಲ್ಲಾದರೂ ಒಂದಲ್ಲ ಒಂದು ದಿನ ಆಗಬಹುದಾದದ್ದು. ತಾಗಿದ ಮೇಲೆ ಏನಾಗಬೇಕೆಂಬುದನ್ನು ನಾವು ಮೊದಲೇ ನಿರ್ಧರಿಸಿಟ್ಟಿರಬೇಕು. ಇಲ್ಲಿ ಯಾರೂ ನಿರ್ಧರಿಸಿರಲಿಲ್ಲ. ವೋಲ್ಟೇಜ್ ದೀಪದ ತಂತಿಯನ್ನು ಅಣ್ಣ ಬಸ್ ಪಟ್ಟಿಯಿಂದ ಎಳೆದಿರಲಿಲ್ಲ. ಕಾಂಟ್ಯಾಕ್ಟರಿನ ಬ್ಯಾಟರಿ ಬದಿಯ ಬೋಲ್ಟಿಗೇ, ಫ್ಯೂಸ್ ಇಲ್ಲದೆ, ನೇರವಾಗಿ ಬಿಗಿದಿದ್ದರು. ಮಾಸ್ಟರ್ ಆರಿಸಿದರೂ ಹೊಗೆ ನಿಲ್ಲದ್ದರ ಗುಟ್ಟು ಇದೇ. ಮಾಸ್ಟರ್ ಸ್ವಿಚ್ಚಿನ ಅಧಿಕಾರ ಕಾಂಟ್ಯಾಕ್ಟರಿನ ಆಚೆ ಬದಿಗೆ ಮಾತ್ರ.

ಹೀಗೆ ಏಕೆ ಮಾಡಿದರೆಂದು ಕೇಳಿದೆ. ಅವರ ಬಳಿ ಎರಡು ಕಾರಣಗಳಿದ್ದವು, ಎರಡೂ ಯೋಚಿಸಿ ಕಂಡುಕೊಂಡವು. ಬ್ಯಾಟರಿಯ ವೋಲ್ಟೇಜನ್ನು ನೋಡುವ ದೀಪ ಬ್ಯಾಟರಿಯನ್ನೇ ಮುಟ್ಟಬೇಕು, ನಡುವಿನ ಕೇಬಲ್ಲು ಕಾಂಟ್ಯಾಕ್ಟರುಗಳ ನಷ್ಟ ಲೆಕ್ಕಕ್ಕೆ ಸೇರಬಾರದು ಎಂಬುದು ಒಂದು. “ಇಪ್ಪತ್ತೈದು ಮಿಲಿ ಆಂಪಿಯರ್ ಎಳೆಯುವ ದೀಪ ಅದು. ಅದಕ್ಕೆಂತಹ ಫ್ಯೂಸ್?” ಎಂಬುದು ಇನ್ನೊಂದು.

ಈ ಎರಡನೆಯ ಮಾತನ್ನು ನಾನು ಬಲ್ಲವರ ಬಾಯಲ್ಲೂ ಕೇಳಿದ್ದೇನೆ. ಫ್ಯೂಸ್ ಇರುವುದು ದೀಪಕ್ಕಾಗಿ ಅಲ್ಲ, ತಂತಿಗಾಗಿ. ಎಲ್ಲ ಸರಿಯಿದ್ದಾಗ ತಂತಿಯಲ್ಲಿ ಎಷ್ಟು ಹರಿಯಬೇಕೆಂಬುದನ್ನು ದೀಪ ಹೇಳುತ್ತದೆ. ತಂತಿ ತಗಡಿಗೆ ತಾಗಿದ ಕ್ಷಣ ದೀಪಕ್ಕೆ ಮಾತಿಲ್ಲ. ಆಗ ಎಷ್ಟು ಹರಿಯಬೇಕೆಂದು ಹೇಳುವುದು ಬ್ಯಾಟರಿ ಮತ್ತು ತಂತಿ.

ಲೆಕ್ಕ ಹಾಕಿ ನೋಡೋಣ. ಅಣ್ಣ ಬಳಸಿದ್ದು 22 ಗೇಜ್ ತಂತಿ, ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವ ಅತಿ ತೆಳುವಾದ ತಂತಿ. ಅದರ ರೋಧ ಮೀಟರಿಗೆ ಸುಮಾರು 0.053 ಓಮ್. ಬೋಲ್ಟಿನಿಂದ ತಾಗಿದ ಜಾಗಕ್ಕೆ ಸುಮಾರು 2 ಮೀಟರ್, ಅಂದರೆ 0.1 ಓಮ್. ಸ್ಟಾರ್ಟರ್ ತಿರುಗಿಸುವ ಬ್ಯಾಟರಿಯ ಒಳರೋಧ ಇದರ ಮುಂದೆ ಇಲ್ಲವೆನ್ನುವಷ್ಟು ಕಡಿಮೆ. ತಾಮ್ರ ತಗಡಿಗೆ ಬಿಗಿಯಾಗಿ ಒತ್ತಿಕೊಂಡಿದ್ದರೆ 12.5 ವೋಲ್ಟಿಗೆ ಸುಮಾರು 110 ಆಂಪಿಯರ್ ಹರಿಯುತ್ತಿತ್ತು. ದೀಪ ಬೇಡುವುದರ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಎರಡು ಮೀಟರ್ ತಂತಿಯಲ್ಲಿರುವ ತಾಮ್ರ ಆರು ಗ್ರಾಂ ಕೂಡ ಇಲ್ಲ. ಇಷ್ಟು ವಿದ್ಯುತ್ತಿಗೆ ಅದು ಕೆಲವೇ ಸೆಕೆಂಡುಗಳಲ್ಲಿ ಕರಗಿ ತುಂಡಾಗುತ್ತಿತ್ತು.

ಆದರೆ ತಂತಿ ತುಂಡಾಗಿರಲಿಲ್ಲ. ನಾವು ಕಂಡದ್ದು ಅದಕ್ಕಿಂತ ಕೆಟ್ಟದ್ದು. ತಗಡಿನ ಅಂಚು ತಾಮ್ರದ ಎಳೆಗಳನ್ನು ಬಿಗಿಯಾಗಿ ಹಿಡಿದಿರಲಿಲ್ಲ, ಸವರುತ್ತಿತ್ತು. ಅಂಥ ಅರೆಬರೆ ಸ್ಪರ್ಶಕ್ಕೆ ತನ್ನದೇ ರೋಧವಿರುತ್ತದೆ. ಸುಟ್ಟ ಗುರುತು ನೋಡಿ ನಾನು ಅಂದಾಜಿಸಿದ್ದು 30 ಆಂಪಿಯರ್ ಆಸುಪಾಸು. ಅಷ್ಟಕ್ಕೆ ತಾಮ್ರ ಕರಗಿ ತುಂಡಾಗುವುದಿಲ್ಲ. ಆದರೆ ತಂತಿಯಲ್ಲಿ ಮೀಟರಿಗೆ ಐವತ್ತು ವ್ಯಾಟ್‌ನಷ್ಟು ಬಿಸಿ ಹುಟ್ಟುತ್ತದೆ. ಬಿಸಿಯಾದ ಸಾಲ್ಡರಿಂಗ್ ಐರನ್ನುಗಳನ್ನು ಸಾಲಾಗಿ ತಂತಿಗಳ ಜಡೆಯೊಳಗೆ ಸಿಕ್ಕಿಸಿಟ್ಟರೆ ಹೇಗೋ ಹಾಗೆ. ವಿಮಾನಕ್ಕೆಂದೇ ಬರುವ ತಂತಿಯ ಹೊದಿಕೆ 150 ಡಿಗ್ರಿ ಸೆಲ್ಸಿಯಸ್ ತಾಳುವಂಥದ್ದು. ಅದನ್ನು ದಾಟಿ ಎಷ್ಟೋ ಮೇಲೆ ಹೋದದ್ದು ಎದುರಿಗೇ ಕಾಣುತ್ತಿತ್ತು. ಬ್ಯಾಟರಿ ಬಿಚ್ಚದಿದ್ದರೆ ಅದು ಖಾಲಿಯಾಗುವವರೆಗೂ ಸುಡುತ್ತಿತ್ತು.

ಬೋಲ್ಟಿನ ಪಕ್ಕದಲ್ಲೇ ಒಂದು 5 ಆಂಪಿಯರ್ ಫ್ಯೂಸ್, ಕಾರುಗಳಲ್ಲಿ ಬರುವ ಬ್ಲೇಡ್ ಮಾದರಿಯದ್ದು, ಇದ್ದಿದ್ದರೆ? 30 ಆಂಪಿಯರ್ ಎಂದರೆ ಅದರ ಅಳತೆಯ ಆರು ಪಟ್ಟು. ಆ ಮಾದರಿಯ ಫ್ಯೂಸ್ ಆರು ಪಟ್ಟಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಹಾರುತ್ತದೆ. ತಂತಿ ಬೆಚ್ಚಗಾಗುವುದಕ್ಕೂ ಸಮಯ ಸಿಗುತ್ತಿರಲಿಲ್ಲ. 22 ಗೇಜ್ ತಂತಿಗೆ 5 ಆಂಪಿಯರ್ ರಕ್ಷಣೆ ಎಂಬುದು ಅಮೆರಿಕದ ವಿಮಾನಯಾನ ಆಡಳಿತದ ದುರಸ್ತಿ ಕೈಪಿಡಿಯ ಕೋಷ್ಟಕದಲ್ಲೇ ಇದೆ. ಅಣ್ಣನಿಗೆ ಆ ಕೋಷ್ಟಕ ಬಾಯಿಪಾಠವಾಗಿತ್ತು. ರೇಡಿಯೊಗೆ, ಲ್ಯಾಂಡಿಂಗ್ ದೀಪಕ್ಕೆ, ಪಂಪಿಗೆ ಅದರಂತೆಯೇ ಮಾಡಿದ್ದರು. ಇದು ‘ಸಣ್ಣದು’ ಎಂದು ಕೈಬಿಟ್ಟದ್ದು.

ಮೊದಲನೆಯ ಕಾರಣಕ್ಕೂ ಲೆಕ್ಕವೇ ಉತ್ತರ. 25 ಮಿಲಿ ಆಂಪಿಯರ್ ಎರಡು ಮೀಟರ್ ತಂತಿಯಲ್ಲಿ ಕಳೆದುಕೊಳ್ಳುವುದು ಮೂರು ಮಿಲಿವೋಲ್ಟಿಗಿಂತ ಕಡಿಮೆ. ಕಾಂಟ್ಯಾಕ್ಟರ್ ಮತ್ತು ದಪ್ಪ ಕೇಬಲ್ಲುಗಳ ನಷ್ಟ ಸೇರಿದರೂ ವೋಲ್ಟಿನ ಹತ್ತನೆಯ ಒಂದು ಭಾಗದ ಮಾತು. ಈ ದೀಪಕ್ಕೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಸೀಸದ ಬ್ಯಾಟರಿ ತುಂಬಿದ್ದರೂ ಸುಮ್ಮನಿರುವಾಗ ತೋರಿಸುವುದು 12.6ರಿಂದ 12.8 ವೋಲ್ಟ್. ಆಲ್ಟರ್ನೇಟರ್ ಕೆಲಸ ಮಾಡುತ್ತಿದ್ದರೆ ಬಸ್ ಪಟ್ಟಿಯಲ್ಲಿ 14ರ ಆಸುಪಾಸು. ದೀಪದ ಗಡಿಯನ್ನು 13.0ಕ್ಕೆ ಇಟ್ಟಿದ್ದೇವೆ. ನಡುವೆ ಬೇಕಾದಷ್ಟು ಜಾಗವಿದೆ.

ದುರಸ್ತಿ, ಮತ್ತು ಅದರೊಳಗಿನ ತಪ್ಪು

ಸುಟ್ಟ ತಂತಿಗಳನ್ನೆಲ್ಲ ಬದಲಾಯಿಸಲು ಮೂರು ವಾರ ಬೇಕಾಯಿತು. ನಾನು ಆ ದಿನಗಳಲ್ಲಿ ಊರಿನಲ್ಲಿರಲಿಲ್ಲ. ಬಂದಾಗ ಅಣ್ಣ ಹೆಮ್ಮೆಯಿಂದ ತೋರಿಸಿದರು. ಬ್ಯಾಟರಿ ಬೋಲ್ಟಿನಲ್ಲಿ ಈಗ ತೆಳು ತಂತಿ ಒಂದೂ ಇಲ್ಲ. ರಂಧ್ರಕ್ಕೆ ಗ್ರೊಮೆಟ್ ಬಂದಿದೆ, ಜಡೆಗೆ ಕ್ಲಾಂಪು ಬಿದ್ದಿದೆ. ವೋಲ್ಟೇಜ್ ದೀಪಕ್ಕೆ ಫಲಕದಲ್ಲೇ ಇದ್ದ ಒಂದು 5 ಆಂಪಿಯರ್ ಬ್ರೇಕರಿನಿಂದ, ಅಂದರೆ ವಿದ್ಯುತ್ ಮಿತಿಮೀರಿದರೆ ತಾನೇ ಹೊರಚಿಮ್ಮಿ ಸರ್ಕ್ಯೂಟು ಕಡಿಯುವ ಗುಂಡಿಯಿಂದ, ವಿದ್ಯುತ್ ಕೊಟ್ಟಿದ್ದಾರೆ. ಮಾಸ್ಟರ್ ಆರಿಸಿದರೆ ಅದೂ ಆರುತ್ತದೆ. ತಂತಿ 22 ಗೇಜ್, ರಕ್ಷಣೆ 5 ಆಂಪಿಯರ್, ಕೋಷ್ಟಕಕ್ಕೆ ಸರಿಯಾಗಿ ಹೊಂದುತ್ತದೆ. ಪುಸ್ತಕ ಹಿಡಿದು ಬಂದ ಯಾವ ತಪಾಸಕನೂ ಇದರಲ್ಲಿ ತಪ್ಪು ಕಾಣಲಾರ.

ಎಂಜಿನ್ ಹಚ್ಚಿದೆವು. ದೀಪ ಆರಿತು, ವೋಲ್ಟ್‌ಮೀಟರ್ 14.2ಕ್ಕೆ ನಿಂತಿತು. ಆಗ ನಾನು ನನ್ನ ಎಂದಿನ ಅಭ್ಯಾಸದಂತೆ, “ಅಣ್ಣ, ಆಲ್ಟರ್ನೇಟರ್ ಫೀಲ್ಡಿನ ಬ್ರೇಕರ್ ಹೊರಗೆಳೆಯಿರಿ” ಎಂದೆ. ಆಲ್ಟರ್ನೇಟರಿನ ಒಳಗೆ ತಿರುಗುವ ಅಯಸ್ಕಾಂತಕ್ಕೆ ವಿದ್ಯುತ್ ಕೊಡುವ ಬ್ರೇಕರ್ ಅದು. ಅದನ್ನೆಳೆದರೆ ಆಲ್ಟರ್ನೇಟರ್ ಸತ್ತಂತೆ. ಅದು ಸತ್ತರೆ ದೀಪ ಉರಿಯುತ್ತದೆಯೇ ಎಂದು ನೋಡುವ ಸುಲಭದ ಪರೀಕ್ಷೆ.

ಎಳೆದರು. ವೋಲ್ಟ್‌ಮೀಟರ್ ಇಳಿಯತೊಡಗಿತು. 13.4, 13.1, 12.8. ಕೆಂಪು ದೀಪ ಉರಿಯಲಿಲ್ಲ. 12.6ಕ್ಕೆ ಬಂದು ನಿಂತರೂ ಉರಿಯಲಿಲ್ಲ. ಅಣ್ಣ ಒಮ್ಮೆ ದೀಪವನ್ನು, ಒಮ್ಮೆ ತಮ್ಮ ಬೆರಳಿನಲ್ಲಿದ್ದ ಬ್ರೇಕರಿನ ಗುಂಡಿಯನ್ನು ನೋಡಿದರು. ಆ ಮೇಲೆ ಅವರೇ ಎಂಜಿನ್ ಆರಿಸಿದರು. ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದೀಪಕ್ಕೆ ವಿದ್ಯುತ್ ಕೊಟ್ಟಿದ್ದ ಬ್ರೇಕರ್ ಅದೇ ಆಗಿತ್ತು. ಫೀಲ್ಡಿನ ಬ್ರೇಕರ್. ಫಲಕದಲ್ಲಿ ಅದರ ಸ್ಕ್ರೂ ಕೈಗೆ ಹತ್ತಿರವಾಗಿತ್ತು, ಮೇಲೊಂದು ರಿಂಗ್ ಟರ್ಮಿನಲ್ ಕೂರಲು ಜಾಗವಿತ್ತು. ಅದಕ್ಕೇ ಅಲ್ಲಿಂದ ತೆಗೆದಿದ್ದರು.

ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ಆಲ್ಟರ್ನೇಟರ್ ನಿಲ್ಲಲು ಇರುವ ಕಾರಣಗಳಲ್ಲಿ ಫೀಲ್ಡಿನ ಬ್ರೇಕರ್ ಹಾರುವುದೂ ಒಂದು. ಅಷ್ಟೇ ಅಲ್ಲ, ಅಣ್ಣನ ವಿಮಾನದಲ್ಲಿ ವೋಲ್ಟೇಜ್ ಮಿತಿಮೀರಿ ಏರಿದಾಗ ಉಪಕರಣಗಳನ್ನು ಉಳಿಸುವ ಒಂದು ಘಟಕವಿದೆ. ವೋಲ್ಟೇಜ್ 16 ದಾಟಿದರೆ ಅದು ಬೇಕೆಂದೇ ಶಾರ್ಟ್ ಮಾಡಿ ಇದೇ ಬ್ರೇಕರನ್ನು ಹಾರಿಸುತ್ತದೆ. ಅಂದರೆ ಆಲ್ಟರ್ನೇಟರ್ ಸಾಯುವ ಕ್ಷಣಕ್ಕೇ ಅದರ ಸಾವನ್ನು ಹೇಳಬೇಕಾದ ದೀಪವೂ ಸಾಯುತ್ತದೆ. ಪೈಲಟ್ ನೋಡುವಾಗ ದೀಪ ಆರಿದೆ. ಆರಿದೆ ಎಂದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಹನ್ನೆರಡು ಆಂಪಿಯರ್ ಎಳೆಯುವ ರೇಡಿಯೊ ಮತ್ತು ಪರದೆಗಳನ್ನು 16 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ ಒಂದೂಕಾಲು ಗಂಟೆ ನಡೆಸಬಹುದು, ಹಳತಾಗಿದ್ದರೆ ಅರ್ಧ ಗಂಟೆ. ಮೊದಲ ನಿಮಿಷದಲ್ಲೇ ತಿಳಿದರೆ ಬೇಡದ್ದನ್ನೆಲ್ಲ ಆರಿಸಿ ನಿಧಾನವಾಗಿ ಇಳಿಯುವ ನಿಲ್ದಾಣ ಹುಡುಕಬಹುದು. ಇಪ್ಪತ್ತನೆಯ ನಿಮಿಷದಲ್ಲಿ ಪರದೆ ಮಂಕಾದಾಗ ತಿಳಿದರೆ, ಮೋಡದ ದಿನವಾಗಿದ್ದರೆ, ಕಷ್ಟ. ಈ ಎಂಜಿನ್ ಮ್ಯಾಗ್ನೆಟೊದಿಂದ ನಡೆಯುವುದರಿಂದ ಬ್ಯಾಟರಿ ಸತ್ತರೂ ನಿಲ್ಲುವುದಿಲ್ಲ, ಅದೊಂದು ಪುಣ್ಯ.

ಸುಟ್ಟ ತಂತಿಗಿಂತ ಈ ಎರಡನೆಯ ತಪ್ಪು ನನ್ನನ್ನು ಹೆಚ್ಚು ಕಾಡಿತು. ಹೊಗೆಗೆ ವಾಸನೆ ಇರುತ್ತದೆ. ಇದಕ್ಕೆ ಏನೂ ಇರಲಿಲ್ಲ.

ಆರಿದ ದೀಪ ಎರಡು ಅರ್ಥ ಕೊಡುತ್ತದೆಂಬುದು ವಿಮಾನಯಾನ ಬಹಳ ಬೆಲೆ ತೆತ್ತು ಕಲಿತ ವಿಷಯ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಈಸ್ಟರ್ನ್ ವಿಮಾನ ಸಂಸ್ಥೆಯ 401 ಸಂಖ್ಯೆಯ ವಿಮಾನ ಮಯಾಮಿಯಲ್ಲಿ ಇಳಿಯಲು ಬಂದಾಗ ಮುಂದಿನ ಗಾಲಿ ಇಳಿದು ನಿಂತಿದೆಯೆಂದು ಹೇಳುವ ಹಸಿರು ದೀಪ ಹೊತ್ತಿಕೊಳ್ಳಲಿಲ್ಲ. ಗಾಲಿ ಸರಿಯಾಗಿಯೇ ಇಳಿದಿತ್ತು, ಬಲ್ಬು ಸುಟ್ಟಿತ್ತು. ಸಿಬ್ಬಂದಿಯೆಲ್ಲ ಆ ಬಲ್ಬಿನ ಹಿಂದೆ ಬಿದ್ದಾಗ ವಿಮಾನ ಎತ್ತರ ಕಳೆದುಕೊಳ್ಳುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಅದು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅಣ್ಣನ ದೀಪದ್ದು ಅದರ ತಿರುವುಮುರುವು. ಅಲ್ಲಿ ಏನೂ ಆಗದಿದ್ದರೂ ಆಗಿದೆ ಎಂದು ನಂಬಿಸಿದ ದೀಪ, ಇಲ್ಲಿ ಆಗಿದ್ದರೂ ಏನೂ ಆಗಿಲ್ಲವೆಂದು ನಂಬಿಸುವ ದೀಪ.

ಕೊನೆಗೆ ಮಾಡಿದ್ದು

ಅಡುಗೆ ಮನೆಯ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ ಮೂರು ದೀಪಗಳನ್ನೂ ಹೊಸದಾಗಿ ಬರೆದೆವು. ಪ್ರತಿ ತಂತಿಯ ಮೇಲೆ ಎರಡು ಪ್ರಶ್ನೆ ಹಾಕಿಕೊಂಡೆವು. ಇದು ತಗಡಿಗೆ ತಾಗಿದರೆ ಏನು ಸುಡುತ್ತದೆ? ಇದರ ಫ್ಯೂಸ್ ಹಾರಿದರೆ ಪೈಲಟ್ಟಿಗೆ ಹೇಗೆ ತಿಳಿಯುತ್ತದೆ? ಮೊದಲನೆಯದು ಎಲ್ಲ ತಂತಿಗೂ ಹಾಕುವ ಪ್ರಶ್ನೆ. ಎರಡನೆಯದು ಎಚ್ಚರಿಕೆ ದೀಪಗಳಿಗೆ ಮಾತ್ರ ಇಷ್ಟು ತೂಕದ್ದು. ರೇಡಿಯೊದ ಫ್ಯೂಸ್ ಹಾರಿದರೆ ಮೌನವೇ ಸುದ್ದಿ ಕೊಡುತ್ತದೆ. ಎಚ್ಚರಿಕೆ ದೀಪ ಹುಟ್ಟಿದ್ದೇ ಸುಮ್ಮನಿರಲು, ಅದರ ಮೌನದಲ್ಲಿ ಸುದ್ದಿಯಿಲ್ಲ.

ವೋಲ್ಟೇಜ್ ದೀಪಕ್ಕೆ ಮುಖ್ಯ ಬಸ್ ಪಟ್ಟಿಯ ಫ್ಯೂಸ್ ಬ್ಲಾಕಿನಲ್ಲಿ ಅದರದೇ ಒಂದು ಗೂಡು ಕೊಟ್ಟೆವು. ಇನ್ನಾವುದೂ ಅದರಲ್ಲಿ ಪಾಲುದಾರನಲ್ಲ. ಫ್ಯೂಸ್ 5ರ ಬದಲು 2 ಆಂಪಿಯರ್. ನಾವು ಎಳೆದ ತಂತಿ 22 ಗೇಜ್ ಆದರೂ ದೀಪದ ಘಟಕದಿಂದ ಹೊರಬರುವ ಎಳೆಗಳು ಅದಕ್ಕಿಂತ ತೆಳು, 26 ಗೇಜ್. ಸರಪಳಿಯಲ್ಲಿ ಅತಿ ತೆಳುವಾದದ್ದನ್ನು ನೋಡಿ ಫ್ಯೂಸಿನ ಅಳತೆ ಗೊತ್ತುಮಾಡಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ, ಏಕೆಂದರೆ ಆ ತೆಳು ಎಳೆ ಪೆಟ್ಟಿಗೆಯ ಜೊತೆಗೇ ಬಂದಿರುತ್ತದೆ, ನಾವು ಎಳೆದ ತಂತಿ ಎಂದು ಅನ್ನಿಸುವುದಿಲ್ಲ.

ಅಣ್ಣ ಒಂದು ಹಂತದಲ್ಲಿ ಫ್ಯೂಸಿಬಲ್ ಲಿಂಕ್ ಹಾಕೋಣವೆಂದರು. ರಕ್ಷಿಸಬೇಕಾದ ತಂತಿಗಿಂತ ನಾಲ್ಕು ಗೇಜ್ ತೆಳುವಾದ ತುಂಡನ್ನು ಮೂಲದ ಬಳಿ ಸೇರಿಸಿ, ಅದರ ಮೇಲೆ ಬೆಂಕಿ ತಾಳುವ ಗಾಜಿನ ನೂಲಿನ ಕೊಳವೆ ತೊಡಿಸುವುದು. ತಂತಿಯ ಬದಲು ಈ ತುಂಡು ಕರಗುತ್ತದೆ. ಕಾರುಗಳಲ್ಲಿ ದಶಕಗಳಿಂದ ನಡೆದುಬಂದ ಒಳ್ಳೆಯ ಉಪಾಯವೇ. ಬ್ಯಾಟರಿ ಬೋಲ್ಟಿನಿಂದಲೇ ತಂತಿ ತೆಗೆಯದೆ ಬೇರೆ ದಾರಿಯಿಲ್ಲದಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಇಲ್ಲಿ ಬೇಕಾಗಿರಲಿಲ್ಲ. ಫ್ಯೂಸ್ ಬ್ಲಾಕಿನಲ್ಲಿ ಗೂಡುಗಳು ಖಾಲಿ ಇದ್ದವು, ಮೇಲಾಗಿ ಲಿಂಕ್ ಕರಗಿದೆಯೇ ಎಂದು ಕೊಳವೆಯ ಮೇಲಿನಿಂದ ಕಾಣುವುದಿಲ್ಲ.

ಆಯಿಲ್ ಒತ್ತಡದ ದೀಪದಲ್ಲಿ ಅದುವರೆಗೆ ಯಾರೂ ಕಾಣದ ಒಂದು ತೊಡಕಿತ್ತು. ಅಣ್ಣನ ವೈರಿಂಗಿನಲ್ಲಿ ವಿದ್ಯುತ್ ಬಸ್ ಪಟ್ಟಿಯಿಂದ ಮೊದಲು ಎಂಜಿನ್ನಿನ ಬಳಿಯ ಒತ್ತಡದ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ದೀಪಕ್ಕೆ ಬಂದು, ದೀಪದಿಂದ ಮೈಗೆ ಸೇರುತ್ತಿತ್ತು. ಅಂದರೆ ಸದಾ ಜೀವಂತವಾಗಿರುವ ತಂತಿ ವಿಮಾನದ ಅತಿ ಬಿಸಿಯಾದ, ಅತಿ ನಡುಗುವ ಜಾಗದಲ್ಲಿತ್ತು. ಅಲ್ಲಿ ತಾಗಿದರೆ ಫ್ಯೂಸ್ ಹಾರಿ ದೀಪ ಶಾಶ್ವತವಾಗಿ ಕುರುಡಾಗುತ್ತಿತ್ತು. ನಾವು ಕ್ರಮವನ್ನು ತಿರುಗಿಸಿದೆವು. ಬಸ್ ಪಟ್ಟಿ, ಫ್ಯೂಸ್, ಅದರ ಪಕ್ಕದಲ್ಲೇ ಒಂದು 680 ಓಮ್ ರೆಸಿಸ್ಟರ್, ಎಲ್‌ಇಡಿ, ಆಮೇಲೆ ಎಂಜಿನ್ನಿನ ಕಡೆಯ ತಂತಿ, ಸ್ವಿಚ್ಚು, ಮೈ. ಒತ್ತಡ ಬಿದ್ದಾಗ ಸ್ವಿಚ್ಚು ಈ ತಂತಿಯನ್ನು ಎಂಜಿನ್ನಿನ ಮೈಗೆ ಸೇರಿಸುತ್ತದೆ.

ಈ ಒಂದು ಬದಲಾವಣೆಯಲ್ಲಿ ಎಷ್ಟು ಲಾಭವಿದೆ ನೋಡಿ. ಎಂಜಿನ್ ಬದಿಯ ತಂತಿ ಎಲ್ಲಿ ತಾಗಿದರೂ ದೀಪ ಉರಿಯುತ್ತದೆ, ಅಷ್ಟೇ. ಸುಳ್ಳು ಎಚ್ಚರಿಕೆ ನಿಜ. ಆದರೆ ಪೈಲಟ್ ಆಯಿಲ್ ಒತ್ತಡದ ಮಾಪಕ ನೋಡಿ ಸುಳ್ಳೆಂದು ತಿಳಿಯುತ್ತಾನೆ. ಏನೂ ಸುಡುವುದಿಲ್ಲ, ಏಕೆಂದರೆ ಹರಿಯುವ ವಿದ್ಯುತ್ತನ್ನು ರೆಸಿಸ್ಟರ್ ಹಿಡಿದಿಟ್ಟಿದೆ. ಎಲ್‌ಇಡಿಗೆ ಎರಡು ವೋಲ್ಟ್ ಬಿಟ್ಟರೆ ಉಳಿದ ಹನ್ನೆರಡಕ್ಕೆ 680 ಓಮ್‌ನಲ್ಲಿ ಹರಿಯುವುದು 18 ಮಿಲಿ ಆಂಪಿಯರ್. ರೆಸಿಸ್ಟರ್ ದಾಟಿದ ಕೂಡಲೇ ಶಾರ್ಟ್ ಆದರೂ ಅದರಲ್ಲಿ ಹುಟ್ಟುವ ಬಿಸಿ 0.3 ವ್ಯಾಟ್, ಅರ್ಧ ವ್ಯಾಟಿನ ರೆಸಿಸ್ಟರ್ ಅದನ್ನು ದಿನಗಟ್ಟಲೆ ತಾಳುತ್ತದೆ. ಹಾಗಾಗಿ ಫ್ಯೂಸ್ ಹಾರುವ ಪ್ರಸಂಗವೇ ಬರುವುದಿಲ್ಲ. ರೆಸಿಸ್ಟರನ್ನು ದೀಪದ ಬೆನ್ನಿಗೆ ಬೆಸೆಯುವುದು ವಾಡಿಕೆ. ಬಸ್ ಪಟ್ಟಿಯ ತುದಿಯಲ್ಲಿ ಇಟ್ಟರೆ ಅದೇ ಎರಡು ರೂಪಾಯಿ ಬಿಡಿಭಾಗ ಇಡೀ ತಂತಿಗೆ ಕಾವಲಾಗುತ್ತದೆ.

ಮೇಲ್ಛಾವಣಿಯ ದೀಪಕ್ಕೂ ಅದೇ ಕ್ರಮ. ಅದು ಒಳಗಿನ ಓದುದೀಪದೊಂದಿಗೆ ಫ್ಯೂಸ್ ಹಂಚಿಕೊಳ್ಳುತ್ತದೆ. ಚಿಲಕ ಬಿದ್ದಿದೆಯೇ ಎಂದು ಕೈಯಿಂದ ತಳ್ಳಿ ನೋಡಬಹುದಾದ್ದರಿಂದ ಇದಕ್ಕೆ ನಾನು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ಒಂದು ವಿಷಯದಲ್ಲಿ ನಾವಿಬ್ಬರೂ ಒಪ್ಪಲಿಲ್ಲ. ಫ್ಯೂಸ್ ಬ್ಲಾಕ್ ಇರುವುದು ಫಲಕದ ಕೆಳಗೆ, ಹಾರುವಾಗ ಕೈಗೆ ಎಟುಕದು. ಹಾರಿದ ಫ್ಯೂಸನ್ನು ಆಕಾಶದಲ್ಲೇ ಬದಲಾಯಿಸುವಂತಿರಬೇಕೆಂದು ಅಣ್ಣನ ವಾದ. ಫ್ಯೂಸ್ ಹಾರಿದೆಯೆಂದರೆ ಎಲ್ಲೋ ತಾಮ್ರ ತಗಡನ್ನು ಮುಟ್ಟಿದೆ, ಎಲ್ಲೆಂದು ತಿಳಿಯದೆ ಅದಕ್ಕೆ ಮತ್ತೆ ವಿದ್ಯುತ್ ಕೊಡುವುದು ಉರಿಯುವ ಒಲೆಗೆ ಸೌದೆ ಒಡ್ಡಿದಂತೆ ಎಂದು ನನ್ನದು. ಮೂರು ಸಂಜೆ ಚರ್ಚೆ ನಡೆಯಿತು. ಬ್ಲಾಕ್ ಇದ್ದಲ್ಲೇ ಇದೆ. ಆದರೆ ಅಣ್ಣನ ಆತಂಕಕ್ಕೆ ಬೇರೆ ದಾರಿಯಲ್ಲಿ ಉತ್ತರ ಕೊಟ್ಟೆವು. ಅವರ ಎಲೆಕ್ಟ್ರಾನಿಕ್ ಪರದೆ ತನ್ನದೇ ಫ್ಯೂಸಿನ ಮೂಲಕ ವೋಲ್ಟೇಜ್ ಅಳೆಯುತ್ತದೆ. ಅದರಲ್ಲೂ 13.0ಕ್ಕೆ ಎಚ್ಚರಿಕೆ ಇಟ್ಟೆವು. ಎರಡು ಕಣ್ಣು, ಎರಡು ಬೇರೆ ನರ.

ಫ್ಯೂಸ್ ಹಾರಿದರೆ ಹೇಗೆ ತಿಳಿಯುತ್ತದೆಂಬ ಪ್ರಶ್ನೆಗೆ ಇನ್ನೊಂದು ಉತ್ತರ ದೀಪಗಳಲ್ಲೇ ಇತ್ತು. ಎಂಜಿನ್ ಹಚ್ಚುವ ಮೊದಲು ಮಾಸ್ಟರ್ ಹಾಕಿದಾಗ ಆಯಿಲ್ ಒತ್ತಡ ಶೂನ್ಯ, ವೋಲ್ಟೇಜ್ 13ಕ್ಕಿಂತ ಕೆಳಗೆ, ಮೇಲ್ಛಾವಣಿ ತೆರೆದಿದೆ. ಆಗ ಮೂರೂ ದೀಪ ಉರಿಯಲೇಬೇಕು. ಒಂದು ಉರಿಯದಿದ್ದರೂ ಅದರ ಬಲ್ಬೋ ಫ್ಯೂಸೋ ತಂತಿಯೋ ಸತ್ತಿದೆ. ಪರೀಕ್ಷೆಗೆಂದು ಬೇರೆ ಗುಂಡಿ ಬೇಕಾಗಿಲ್ಲ. ಅಣ್ಣ ತಮ್ಮ ಹಾರಾಟಪೂರ್ವ ಪಟ್ಟಿಯಲ್ಲಿ ಮೂರನೆಯ ಸಾಲಾಗಿ ಇದನ್ನು ಕೈಯಲ್ಲೇ ಕನ್ನಡದಲ್ಲಿ ಬರೆದುಕೊಂಡಿದ್ದಾರೆ: ‘ಮೂರು ದೀಪ ಎಣಿಸು.’

ಕಳೆದ ಅಕ್ಟೋಬರಿನಲ್ಲಿ ಮತ್ತೆ ಅದೇ ಪರೀಕ್ಷೆ ಮಾಡಿದೆವು. ಎಂಜಿನ್ ಹಚ್ಚಿ, 14.2ಕ್ಕೆ ನಿಂತ ಮೇಲೆ ಅಣ್ಣ ಫೀಲ್ಡಿನ ಬ್ರೇಕರ್ ಎಳೆದರು. 13.4. 13.1. ಅವರು ಉಸಿರು ಬಿಗಿಹಿಡಿದದ್ದು ನನಗೆ ಹೆಡ್‌ಸೆಟ್ಟಿನಲ್ಲಿ ಕೇಳಿಸುತ್ತಿತ್ತು. 12.9ಕ್ಕೆ ಕೆಂಪು ದೀಪ ಮಿನುಗಿತು, ಅರೆಕ್ಷಣದಲ್ಲಿ ಪರದೆಯ ಮೂಲೆಯಲ್ಲೂ ಹಳದಿ ಅಕ್ಷರ ಬಂತು. ಬ್ರೇಕರ್ ಒಳಗೊತ್ತಿದರು, ಎರಡೂ ಆರಿದವು. ಅವರು ಮತ್ತೊಮ್ಮೆ ಎಳೆದು ನೋಡಿದರು. ಇನ್ನೊಮ್ಮೆಯೂ ಎಳೆದರು. ಆಮೇಲೆ ಎಂಜಿನ್ ಆರಿಸಿ, ಲಾಗ್ ಪುಸ್ತಕ ತೆರೆದು, ಆ ದಿನದ ತಾರೀಕು ಬರೆಯತೊಡಗಿದರು.